ಕಥೆ ಕೇಳದ ಕಿವಿಗೆ ಮರುಕಥೆ

ಅಮೆರಿಕದಲ್ಲಿ ಮಕ್ಕಳಿಗೆ ಓದು ಕಲಿಸುವವರ ನಡುವೆ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಪುಸ್ತಕ ಕಂಡರೆ ದೂರ ಸರಿಯುವ ಮಗುವಿನ ಕೈಗೆ ಹಳೆಯ ಅಡಗೂಲಜ್ಜಿ ಕಥೆಯೊಂದನ್ನು ಹಿಗ್ಗಿಸಿ, ತಿರುಗಿಸಿ ಬರೆದ ಕಾದಂಬರಿಯನ್ನು ಕೊಡಬೇಕು ಎಂಬುದು ಆ ನಂಬಿಕೆ. ಕಥೆಯ ಎಳೆ ಮೊದಲೇ ಗೊತ್ತಿರುವುದರಿಂದ ಮಗು ನಡುದಾರಿಯಲ್ಲಿ ಕಂಗಾಲಾಗುವುದಿಲ್ಲವಂತೆ. ತಿರುವುಗಳು ಹೊಸವಾದ್ದರಿಂದ ಬೇಸರಪಡುವುದಿಲ್ಲವಂತೆ. ರಾಜಕುಮಾರನಿಗಾಗಿ ಕಾದು ಕೂತಿದ್ದ ಹುಡುಗಿಯ ಜಾಗಕ್ಕೆ ದಿಟ್ಟ ಹುಡುಗಿ ಬಂದಿರುವುದರಿಂದ ಒಳ್ಳೆಯ ಮಾದರಿಯೂ ಸಿಗುತ್ತದಂತೆ. ಗೇಲ್ ಕಾರ್ಸನ್ ಲೆವಿನ್ ಅವರ ‘ಎಲ್ಲಾ ಎನ್‌ಚಾಂಟೆಡ್’ (1997), ಶಾನನ್ ಹೇಲ್ ಅವರ ‘ದಿ ಗೂಸ್ ಗರ್ಲ್’ (2003), ಆಡಮ್ ಗಿಡ್ವಿಟ್ಜ್ ಅವರ ‘ಎ ಟೇಲ್ ಡಾರ್ಕ್ ಆ್ಯಂಡ್ ಗ್ರಿಮ್’ (2010) ಈ ಬಗೆಯ ಪ್ರಸಿದ್ಧ ಪುಸ್ತಕಗಳು. ಈ ಲೇಖಕರ ಮೇಲೆ ನನಗೆ ದೂರಿಲ್ಲ. ಲೆವಿನ್ ಅವರ ಕಾದಂಬರಿಗೆ 1998ರಲ್ಲಿ ನ್ಯೂಬೆರಿ ಗೌರವ ಬಂದದ್ದು ನ್ಯಾಯವಾಗಿಯೇ ಬಂತು. ನಾನು ವಿರೋಧಿಸುವುದು ಇಂಥ ಪುಸ್ತಕಗಳನ್ನು ಓದಿನ ಮೊದಲ ಮೆಟ್ಟಿಲಾಗಿ ಹಾಕುವ ಪದ್ಧತಿಯನ್ನು, ಮತ್ತು ಆ ಪದ್ಧತಿಯ ತಳದಲ್ಲಿರುವ ‘ಕಥೆ ಎಲ್ಲರಿಗೂ ಗೊತ್ತು’ ಎಂಬ ಊಹೆಯನ್ನು.

ಈ ಊಹೆಯನ್ನು ಪರೀಕ್ಷಿಸಲು ಟೋಟೆಮ್ ಲೇಕ್‌ಗಿಂತ ತಕ್ಕ ಜಾಗ ಬೇಕಿಲ್ಲ. ಸಿಯಾಟಲ್‌ನಿಂದ ಸರೋವರ ದಾಟಿದರೆ ಸಿಗುವ ಕರ್ಕ್‌ಲೆಂಡ್ ನಗರದಲ್ಲಿ, 405ನೇ ಹೆದ್ದಾರಿಯ ಅಕ್ಕಪಕ್ಕದಲ್ಲಿ ಹರಡಿಕೊಂಡಿರುವ ಬಡಾವಣೆ ಇದು. ರೆಡ್‌ಮಂಡ್‌ನ ಮೈಕ್ರೋಸಾಫ್ಟ್‌ಗೂ ಕರ್ಕ್‌ಲೆಂಡ್‌ನ ಗೂಗಲ್ ಕಚೇರಿಗೂ ಹತ್ತಿರ. ಕೆಲಸದ ದಾರಿ ಹಿಡಿದು ಬಂದ ಕನ್ನಡ ಸಂಸಾರಗಳು ಈ ಸೀಮೆಯಲ್ಲಿ ನೆಲೆಯೂರಿವೆ, ಅವರ ಸಹ್ಯಾದ್ರಿ ಕನ್ನಡ ಸಂಘವಿದೆ, ಇಲ್ಲಿನ ಮಕ್ಕಳಿಗೆ ಲೇಕ್ ವಾಷಿಂಗ್ಟನ್ ಶಾಲಾ ಜಿಲ್ಲೆಯ ಶಾಲೆಗಳಿವೆ. ಇಂಥ ಕಡೆ ಒಂದು ತರಗತಿಯೆಂದರೆ ಕನ್ನಡದ ಮಗುವಿನ ಪಕ್ಕದಲ್ಲಿ ತೆಲುಗಿನದು, ಅದರಾಚೆ ಚೀನೀ ಮನೆಯದು, ಸ್ಪ್ಯಾನಿಷ್ ಮನೆಯದು. ಇವರೆಲ್ಲರಿಗೂ ಮೊದಲೇ ಗೊತ್ತಿರುವ ಒಂದು ಕಥೆ ಯಾವುದು? ಸಿಂಡ್ರೆಲಾ ಎನ್ನುತ್ತಾರೆ. ಮೂರು ಹಂದಿಮರಿಗಳು ಎನ್ನುತ್ತಾರೆ. ಮಗು ಅದನ್ನು ಎಲ್ಲಿ ಕೇಳಿತು, ಯಾರ ಬಾಯಿಂದ ಕೇಳಿತು, ನಿಜವಾಗಿ ಕೇಳಿತೇ ಎಂದು ವಿಚಾರಿಸುವವರು ಕಡಿಮೆ. ಮರುಕಥೆಯೆಂದರೆ ಹಿಂದೆ ಯಾರೋ ಹೇಳಿದ್ದಕ್ಕೆ ಕೊಟ್ಟ ಉತ್ತರ. ಪ್ರಶ್ನೆ ಕೇಳಿಸಿಕೊಳ್ಳದ ಮಗುವಿಗೆ ಉತ್ತರವನ್ನು ಓದಿಸಿ, ಅದು ಅರ್ಧ ಅರ್ಥಮಾಡಿಕೊಂಡಾಗ ‘ಓದಿನಲ್ಲಿ ಹಿಂದೆ’ ಎಂದು ಗುರುತು ಹಾಕುವುದು ತಪ್ಪು ಕ್ರಮ. ಮೊದಲು ಕಥೆ ಬರಬೇಕು, ಅದೂ ಕಿವಿಯ ಮೂಲಕ, ಮಗುವಿನ ಮನೆಯ ಕಥೆಯನ್ನೂ ಸೇರಿಸಿಕೊಂಡು. ಕಾದಂಬರಿ ಅದರ ಹಿಂದೆ ಬರಲಿ.

ಪರಿಚಿತ ವಿಷಯವಾದರೆ ಓದು ಸುಲಭ ಎಂಬ ಮಾತು ಸುಳ್ಳಲ್ಲ. ಅದು ಸುಳ್ಳಲ್ಲದ ಕಾರಣಕ್ಕೇ ಈ ಪದ್ಧತಿ ಅಪಾಯಕಾರಿ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಸಂಶೋಧಕರು 64 ಮಂದಿ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ಅರ್ಧ ಇನಿಂಗ್ಸಿನ ವರ್ಣನೆಯನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದ ಮಕ್ಕಳನ್ನು ಹಿಂದೆ ಹಾಕಿದರು. ಮರುಕಥನದ ಪರವಾಗಿ ಮಾತಾಡುವವರು ಈ ಫಲಿತಾಂಶವನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಆದರೆ ಅದೇ ಫಲಿತಾಂಶ ಇನ್ನೊಂದು ಮಾತನ್ನೂ ಹೇಳುತ್ತದೆ. ಬೇಸ್‌ಬಾಲ್ ಗೊತ್ತಿಲ್ಲದ, ರೆಡ್‌ಮಂಡ್‌ನ ಮೇರಿಮೂರ್ ಪಾರ್ಕಿನಲ್ಲಿ ವಾರಾಂತ್ಯಕ್ಕೆ ಕ್ರಿಕೆಟ್ ಆಡುವ ಹುಡುಗನಿಗೆ ಅದೇ ಪುಟ ಬೆಟ್ಟದಂತೆ ಕಂಡೀತು, ಮತ್ತು ಆ ಬೆಟ್ಟಕ್ಕೂ ಅವನ ಓದುವ ಶಕ್ತಿಗೂ ಸಂಬಂಧವಿರಲಾರದು. ಇನ್ನೂ ಹತ್ತಿರದ ಸಾಕ್ಷಿ 1979ರದು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸ್ಟೆಫೆನ್ಸನ್, ಜೋಗ್-ದೇವ್ ಮತ್ತು ಆ್ಯಂಡರ್ಸನ್ ಎರಡು ಪತ್ರಗಳನ್ನು ಓದಿಸಿದರು. ಒಂದು ಅಮೆರಿಕನ್ ಮದುವೆಯ ಬಗ್ಗೆ, ಇನ್ನೊಂದು ಭಾರತೀಯ ಮದುವೆಯ ಬಗ್ಗೆ. ಓದಿದವರಲ್ಲಿ ಎರಡೂ ದೇಶದವರಿದ್ದರು, ಎಲ್ಲರೂ ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಆದರೂ ಪ್ರತಿಯೊಬ್ಬರೂ ತಮ್ಮ ಕಡೆಯ ಮದುವೆಯನ್ನು ಬೇಗ ಓದಿದರು, ಹೆಚ್ಚು ನೆನಪಿಟ್ಟುಕೊಂಡರು, ಆಚೆಯವರ ಮದುವೆಯನ್ನು ತಮಗೆ ತಿಳಿದಂತೆ ತಿದ್ದಿಕೊಂಡರು. ಮದುಮಗಳು ಅಜ್ಜಿಯ ಮದುವೆಯ ಉಡುಗೆ ತೊಟ್ಟಿದ್ದಳೆಂಬ ಸಾಲು ಅಮೆರಿಕದವರಿಗೆ ವಂಶದ ಪ್ರೀತಿಯಾಗಿ ಕಂಡರೆ, ಒಬ್ಬ ಭಾರತೀಯ ಓದುಗರಿಗೆ ಅದು ಹಳತಾಗಿ ಚಾಲ್ತಿ ತಪ್ಪಿದ ಬಟ್ಟೆಯಾಗಿ ಕಂಡಿತು. ಮದುಮಗಳನ್ನು ಹೊಸ ಸೀರೆಯಲ್ಲೇ ನೋಡಿದ ಕಣ್ಣಿಗೆ ಹಾಗೆ ಕಾಣದೆ ಹೇಗೆ ಕಂಡೀತು? ಅಕ್ಷರ ಓದುವುದರಲ್ಲಿ ಯಾರೂ ತಪ್ಪಿರಲಿಲ್ಲ.

ಇದೇ ಮಾತನ್ನು ಬಹಳ ಹಿಂದೆಯೇ ತೋರಿಸಿಕೊಟ್ಟ ಪ್ರಯೋಗವೊಂದರ ಮೂಲ ಸಾಮಗ್ರಿ ವಾಷಿಂಗ್ಟನ್ ರಾಜ್ಯದ್ದೇ ಎಂಬುದನ್ನು ಇಲ್ಲಿನ ಎಷ್ಟು ಶಿಕ್ಷಕರು ಗಮನಿಸಿದ್ದಾರೋ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರ ತಮ್ಮ ಪುಸ್ತಕದಲ್ಲಿ ವಿವರಿಸಿದ ‘ದೆವ್ವಗಳ ಯುದ್ಧ’ ಎಂಬ ಕಥೆ ಕೊಲಂಬಿಯಾ ನದಿಯ ಕೆಳದಂಡೆಯ ಕ್ಯಾಥ್ಲಮೆಟ್ ಜನರದು. ಫ್ರಾಂಜ್ ಬೋಆಸ್ ಅದನ್ನು ಬೇ ಸೆಂಟರ್ ಎಂಬಲ್ಲಿ ಚಾರ್ಲ್ಸ್ ಕಲ್ಟೀ ಎಂಬ ಕಥೆಗಾರನ ಬಾಯಿಂದ ಕೇಳಿ ಬರೆದುಕೊಂಡಿದ್ದರು. ಇಂಗ್ಲೆಂಡಿನ ವಿದ್ಯಾವಂತರು ಅದನ್ನು ಓದಿ ತಿರುಗಿ ಹೇಳುವಾಗ ದೋಣಿಯ ಬಗೆ ಬದಲಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು, ಕಥೆಯ ಜೀವವಾಗಿದ್ದ ದೆವ್ವಗಳೇ ಹಲವರ ನೆನಪಿನಿಂದ ಜಾರಿಹೋದವು. ಕೇಂಬ್ರಿಜ್‌ನ ವಯಸ್ಕರಿಗೆ ಹೀಗಾದರೆ ಏಳೆಂಟು ವರ್ಷದ ಮಗುವಿನ ಪಾಡೇನು? ಟೋಟೆಮ್ ಲೇಕ್ ಎಂಬ ಹೆಸರೇ ಈ ಮಾತಿಗೊಂದು ಉದಾಹರಣೆ. ಎತ್ತರದ ಟೋಟೆಮ್ ಕಂಬಗಳನ್ನು ಕೆತ್ತಿ ನಿಲ್ಲಿಸುವುದು ಉತ್ತರದ ಕರಾವಳಿಯ ಟ್ಲಿಂಗಿಟ್, ಹೈಡಾ ಮುಂತಾದ ಜನರ ಪರಂಪರೆ. ಸಿಯಾಟಲ್ ಸುತ್ತಲಿನ ಸೇಲಿಷ್ ಜನರ ಮೂಲ ಪದ್ಧತಿ ಅದಲ್ಲ. ಸಿಯಾಟಲ್‌ನ ಪಯೋನಿಯರ್ ಸ್ಕ್ವೇರ್‌ನಲ್ಲಿ ನಿಲ್ಲಿಸಿದ್ದ ಹೆಸರಾಂತ ಕಂಬವನ್ನು 1899ರಲ್ಲಿ ಅಲಾಸ್ಕದ ಟ್ಲಿಂಗಿಟ್ ಹಳ್ಳಿಯಿಂದ ಕದ್ದು ತಂದದ್ದು. ಹೆಸರು ಉಳಿದು ಕಥೆ ಕಳೆದುಹೋದರೆ ಉಳಿಯುವುದು ಅಲಂಕಾರ ಮಾತ್ರ. ತರಗತಿಯ ಕಪಾಟಿನಲ್ಲೂ ಇಂಥದ್ದೇ ಆಗುತ್ತಿದೆ ಎಂಬುದು ನನ್ನ ಆತಂಕ.

ಮೂರು ಹಂದಿಮರಿಗಳ ಕಥೆಯನ್ನೇ ತೆಗೆದುಕೊಳ್ಳೋಣ. ಜಾನ್ ಷೆಸ್ಕಾ 1989ರಲ್ಲಿ ಅದನ್ನು ತೋಳನ ಬಾಯಿಂದ ಹೇಳಿಸಿದರು. ತೋಳನ ವಾದ ಕೇಳಿ ನಗು ಬರಬೇಕಾದರೆ ತೋಳ ಮನೆಗಳನ್ನು ಊದಿ ಕೆಡವಿದ ಹಳೆಯ ಕಥೆ ಮಗುವಿನ ಎದೆಯಲ್ಲಿ ಮೊದಲೇ ಕೂತಿರಬೇಕು, ಹುಲ್ಲಿನ ಮನೆ ಬಿದ್ದಾಗ ಅದು ಒಮ್ಮೆ ಹೆದರಿರಬೇಕು. ಕನ್ನಡದ ಮನೆಯ ಮಗುವಿನ ಎದೆಯಲ್ಲಿ ಕೂತಿರಬಹುದಾದದ್ದು ಕಾಗಕ್ಕ ಗುಬ್ಬಕ್ಕ. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ, ಜೋರು ಮಳೆಗೆ ಸಗಣಿಯ ಮನೆ ಕೊಚ್ಚಿಹೋಯಿತು, ನೆನೆದ ಕಾಗೆ ಬಂದು ಬಾಗಿಲು ಬಡಿಯಿತು, ಗುಬ್ಬಿ ಒಳಗಿಂದಲೇ ಒಂದೊಂದು ನೆಪ ಹೇಳುತ್ತ ಕಾಯಿಸಿತು. ಮನೆ ಉಳಿಯದ ಸಂಕಟ, ಬಾಗಿಲು ತೆರೆಯದ ನೆರೆಯವರು, ಒಂದೇ ಮಾತು ಮತ್ತೆ ಮತ್ತೆ ಬರುವ ಲಯ, ಎಲ್ಲವೂ ಅದರಲ್ಲಿದೆ. ಹಂದಿಮರಿಗಳ ಕಥೆಗೆ ದಾಟಲು ಇದಕ್ಕಿಂತ ಗಟ್ಟಿ ಸೇತುವೆ ಸಿಗಲಾರದು. ಆದರೆ ಆ ಸೇತುವೆ ಮಗುವಿನೊಳಗೆ ಇದೆಯೆಂದು ಶಿಕ್ಷಕರಿಗೆ ಗೊತ್ತಿಲ್ಲ, ಅದನ್ನು ಹೇಳಬಹುದೆಂದು ಮಗುವಿಗೂ ಗೊತ್ತಿಲ್ಲ. ತೋಳನ ಹಾಸ್ಯ ನೇರವಾಗಿ ಮೇಜಿನ ಮೇಲೆ ಬಂದು ಕೂರುತ್ತದೆ. ಮಗು ಸುತ್ತಲಿನವರು ನಕ್ಕಾಗ ತಾನೂ ನಗಲು ಕಲಿಯುತ್ತದೆ. ಅದನ್ನು ನಾವು ಓದು ಎಂದು ಕರೆಯುತ್ತಿದ್ದೇವೆ.

ಡಿಸ್ನಿ ಚಿತ್ರಗಳಿಂದ ಎಲ್ಲ ಮಕ್ಕಳಿಗೂ ಕಥೆ ಗೊತ್ತಲ್ಲ ಎಂಬ ಮಾತು ಇದಕ್ಕೆ ಸಿದ್ಧವಾಗಿರುತ್ತದೆ. 1950ರ ಡಿಸ್ನಿ ಸಿಂಡ್ರೆಲಾ ಸ್ವತಃ ಒಂದು ಮರುಕಥೆ. ಅದರ ಕುಂಬಳಕಾಯಿ ಸಾರೋಟು, ಗಾಜಿನ ಪಾದರಕ್ಷೆ, ವರ ಕೊಡುವ ದೇವತೆ ಬಂದದ್ದು 1697ರಲ್ಲಿ ಫ್ರಾನ್ಸಿನ ಷಾರ್ಲ್ ಪೆರೋ ಬರೆದ ರೂಪದಿಂದ. ಗ್ರಿಮ್ ಸೋದರರ ಕಥೆಯಲ್ಲಿ ಅವು ಯಾವುವೂ ಇಲ್ಲ. ಅಲ್ಲಿ ತಾಯಿಯ ಸಮಾಧಿಯ ಮೇಲೆ ಮಗಳು ನೆಟ್ಟ ಗಿಡವಿದೆ, ಆ ಮರಕ್ಕೆ ಬರುವ ಹಕ್ಕಿಯಿದೆ, ಪಾದರಕ್ಷೆ ಹಿಡಿಸಲೆಂದು ಪಾದ ಕತ್ತರಿಸಿಕೊಳ್ಳುವ ಅಕ್ಕಂದಿರಿದ್ದಾರೆ. ಮೇರಿಯನ್ ರೋಲ್ಫ್ ಕಾಕ್ಸ್ 1893ರಲ್ಲಿ ಈ ಕಥೆಯ 345 ರೂಪಗಳನ್ನು ಪಟ್ಟಿಮಾಡಿದ್ದರು. ಅಷ್ಟರಲ್ಲಿ ಒಂದೇ ಒಂದನ್ನು, ಅದೂ ಚಲನಚಿತ್ರದ ಮೂಲಕ ನೋಡಿದ ಮಗುವಿಗೆ ಮೂಲ ಗೊತ್ತು ಎನ್ನುವುದಾದರೆ ಗೊತ್ತು ಎಂಬ ಪದಕ್ಕೆ ಬೆಲೆಯಿಲ್ಲ. ಜೊತೆಗೆ, ನೋಡಿದ ಕಥೆ ಮಗುವಿನ ಮಾತನ್ನು ಬೆಳೆಸುವುದು ಕೇಳಿದ ಕಥೆಯಷ್ಟಲ್ಲ. ಅರಮನೆ ಹೇಗಿತ್ತು ಎಂಬುದನ್ನು ಚಿತ್ರ ತೋರಿಸಿಬಿಡುತ್ತದೆ. ಕೇಳುವ ಮಗು ಅದನ್ನು ಮಾತಿನಿಂದಲೇ ಕಟ್ಟಬೇಕು, ಮತ್ತು ಓದುವಾಗ ಬೇಕಾಗುವ ಶಕ್ತಿ ಇದೇ. ಗಫ್ ಮತ್ತು ಟನ್ಮರ್ 1986ರಲ್ಲಿ ಓದನ್ನು ಅಕ್ಷರ ಬಿಡಿಸುವ ಶಕ್ತಿ ಮತ್ತು ಮಾತು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ ಇವೆರಡರ ಗುಣಲಬ್ಧವೆಂದು ವಿವರಿಸಿದ್ದರು. ಒಂದು ಸೊನ್ನೆಯಾದರೆ ಲಬ್ಧವೂ ಸೊನ್ನೆ. ಕೇಳಿಸಿಕೊಳ್ಳುವ ಕೆಲಸವನ್ನು ಹಾರಿಸಿ ಇನ್ನೂರು ಪುಟಗಳ ಕಾದಂಬರಿಗೆ ಜಿಗಿಸುವವರು ಈ ಲೆಕ್ಕದ ಒಂದು ಬದಿಯನ್ನೇ ಮರೆತಿದ್ದಾರೆ.

ಕನ್ನಡಿಗರ ಕಡೆಯಿಂದಲೇ ಏಳಬಹುದಾದ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ನಮ್ಮ ಸಾಹಿತ್ಯವೆಲ್ಲ ಮರುಕಥನವಲ್ಲವೇ? 10ನೇ ಶತಮಾನದ ಪಂಪ ವ್ಯಾಸರ ಭಾರತವನ್ನು ತಿರುಗಿ ಹೇಳಿದ, ಅರ್ಜುನನನ್ನು ನಾಯಕನಾಗಿಸಿ ತನ್ನ ಒಡೆಯ ಅರಿಕೇಸರಿಯೊಡನೆ ಸಮೀಕರಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ದುರ್ಗಸಿಂಹನ ಪಂಚತಂತ್ರ ವಿಷ್ಣುಶರ್ಮನ ದಾರಿ ಬಿಟ್ಟು ವಸುಭಾಗನ ದಾರಿ ಹಿಡಿಯಿತು. ಕುವೆಂಪು ರಾಮಾಯಣವನ್ನು, ಭೈರಪ್ಪ 1979ರ ‘ಪರ್ವ’ದಲ್ಲಿ ಮಹಾಭಾರತವನ್ನು ಮತ್ತೆ ಕಟ್ಟಿದರು. ಮೂಲ ಎಂಬುದೇ ಇಲ್ಲ, ಇರುವುದು ಹೇಳಿಕೆಗಳು ಮಾತ್ರ ಎಂದು ತೋರಿಸಿಕೊಟ್ಟ ಎ.ಕೆ. ರಾಮಾನುಜನ್ ಮೈಸೂರಿನವರೇ. ಹಾಗಿದ್ದ ಮೇಲೆ ಮರುಕಥೆಗೆ ಮೊದಲು ಕಥೆ ಬೇಕೆಂಬ ಹಟವೇಕೆ? ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದು ನನ್ನ ವಾದವನ್ನೇ ಬಲಪಡಿಸುತ್ತದೆ ಎನ್ನುತ್ತೇನೆ. ಭಾರತದಲ್ಲಿ ರಾಮಾಯಣ ಮಹಾಭಾರತಗಳನ್ನು ಯಾರೂ ಮೊದಲ ಬಾರಿಗೆ ಓದುವುದಿಲ್ಲ, ಅವು ಮೊದಲೇ ಕಿವಿಯಲ್ಲಿರುತ್ತವೆ ಎಂಬ ಅರ್ಥದ ಮಾತನ್ನು ಹೇಳಿದವರೂ ರಾಮಾನುಜನ್ ಅವರೇ. ಪಂಪನ ಕೇಳುಗರಿಗೆ ಐವರು ಗಂಡಂದಿರ ದ್ರೌಪದಿ ಗೊತ್ತಿದ್ದಳು. ಗೊತ್ತಿದ್ದರಿಂದಲೇ ಅವಳನ್ನು ಒಬ್ಬನ ಹೆಂಡತಿಯಾಗಿಸಿದ ಪಂಪನ ನಡೆಯಲ್ಲಿ ಒಂದು ಧೈರ್ಯ, ಒಂದು ವಾದ ಕಾಣುತ್ತಿತ್ತು. ವ್ಯಾಸರ ಕಥೆಯನ್ನೇ ಕೇಳದವರಿಗೆ ಆ ಬದಲಾವಣೆ ಬದಲಾವಣೆಯೇ ಅಲ್ಲ. ‘ಪರ್ವ’ವನ್ನು ಮಹಾಭಾರತ ಕಲಿಸುವ ಮೊದಲ ಪಠ್ಯವಾಗಿ ಪ್ರಾಥಮಿಕ ಶಾಲೆಯಲ್ಲಿಡಬೇಕೆಂದು ಕರ್ನಾಟಕದಲ್ಲಿ ಯಾರಾದರೂ ಹೇಳಿದರೆ ಒಪ್ಪುತ್ತೇವೆಯೇ?

ಇದಕ್ಕಿಂತಲೂ ಕಷ್ಟದ ಉದಾಹರಣೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ಪಟ್ಟಣದ ಕೊಳಲುಗಾರನ ಪದ್ಯವನ್ನು ಕುವೆಂಪು ತುಂಗೆಯ ದಡಕ್ಕೆ ತಂದರು. ತಲೆಮಾರುಗಳ ಕನ್ನಡ ಮಕ್ಕಳು ಬ್ರೌನಿಂಗ್ ಹೆಸರು ಕೇಳದೆಯೇ ಅದನ್ನು ಬಾಯಿಪಾಠ ಮಾಡಿದ್ದಾರೆ, ಇಲಿಗಳ ಹಿಂಡು ಹರಿದು ಬರುವುದನ್ನು ಕಣ್ಣಾರೆ ಕಂಡಂತೆ ಕುಣಿದಿದ್ದಾರೆ. ಮೂಲ ಗೊತ್ತಿಲ್ಲದೆ ಮರುಕಥೆ ಓದಲಾಗದು ಎಂಬ ಮಾತು ಇಲ್ಲಿ ಮುರಿದುಬೀಳುತ್ತದೆ ಎಂದು ತೋರಬಹುದು. ಆದರೆ ಕುವೆಂಪು ಮಾಡಿದ್ದೇನು ಎಂಬುದನ್ನು ನೋಡಬೇಕು. ಅವರು ಬ್ರೌನಿಂಗ್‌ಗೆ ಉತ್ತರ ಕೊಡಲಿಲ್ಲ, ಹ್ಯಾಮೆಲಿನ್ ಕಥೆಯನ್ನು ತಲೆಕೆಳಗು ಮಾಡಲಿಲ್ಲ. ಅದೇ ಕಥೆಯನ್ನು ಇನ್ನೊಂದು ಊರಿನಲ್ಲಿ, ಇನ್ನೊಂದು ನದಿಯ ಬದಿಯಲ್ಲಿ, ಇನ್ನೊಂದು ಭಾಷೆಯ ಕುಣಿತದಲ್ಲಿ ಮೊದಲಿನಿಂದ ಹೇಳಿದರು. ಅದು ಆ ಮಕ್ಕಳಿಗೆ ಮೊದಲ ಕಥೆಯಾಯಿತು. ಇನ್ನು ಮುಂದೆ ಇಂಥದ್ದನ್ನಷ್ಟೇ ಮರುಕಥೆ ಎನ್ನೋಣ, ಹಳೆಯ ಕಥೆಗೆ ಉತ್ತರ ಕೊಡುವ, ತರಗತಿಯಲ್ಲಿ ಬಳಸುವ ಆ ಕಾದಂಬರಿಗಳನ್ನು ಎದುರುಕಥೆ ಎನ್ನೋಣ. ‘ಎಲ್ಲಾ ಎನ್‌ಚಾಂಟೆಡ್’ನ ಹುಡುಗಿಗೆ ಹುಟ್ಟುವಾಗಲೇ ಒಂದು ಶಾಪವಿದೆ, ಯಾರು ಏನು ಆಜ್ಞೆ ಮಾಡಿದರೂ ಅವಳು ಮಾಡಲೇಬೇಕು. ಮಲತಾಯಿ ಹೇಳಿದ್ದಕ್ಕೆಲ್ಲ ಸಿಂಡ್ರೆಲಾ ಯಾಕೆ ತಲೆಬಾಗಿದಳು ಎಂದು ಹಳೆಯ ಕಥೆಯನ್ನು ಕೇಳಿ ಕೇಳಿ ಸಿಟ್ಟಾದ ಓದುಗರಿಗೆ ಈ ಶಾಪ ಅದ್ಭುತ ಪರಿಹಾರ. ಆ ಸಿಟ್ಟೇ ಇಲ್ಲದ ಮಗುವಿಗೆ ಅದು ಹತ್ತು ಮಂತ್ರಗಳ ಜೊತೆ ಹನ್ನೊಂದನೆಯದು. ಕಾದಂಬರಿಯನ್ನು ಅದು ಖುಷಿಯಿಂದ ಓದಿ ಮುಗಿಸಬಹುದು, ಲೇಖಕಿ ತೀಕ್ಷ್ಣವಾಗಿ ಕೇಳಿದ್ದು ಮಾತ್ರ ಅದಕ್ಕೆ ತಲುಪಿರುವುದಿಲ್ಲ. ಗಿಡ್ವಿಟ್ಜ್ ಪುಸ್ತಕದಲ್ಲಿ ಹಾನ್ಸೆಲ್, ಗ್ರೆಟೆಲ್ ತಮ್ಮ ಕಥೆಯಿಂದ ತಪ್ಪಿಸಿಕೊಂಡು ಗ್ರಿಮ್‌ನ ಬೇರೆ ಕಥೆಗಳೊಳಗೆ ಅಲೆಯುತ್ತಾರೆ. ಅದರ ಸೊಗಸು ಆ ಬೇರೆ ಕಥೆಗಳನ್ನು ಬಲ್ಲವರಿಗೆ ಇಮ್ಮಡಿ.

ಹಳೆಯ ಕಥೆಗಳು ಕ್ರೂರ, ಹೆಣ್ಣನ್ನು ಅಬಲೆಯಾಗಿಸುತ್ತವೆ, ಮಗುವಿಗೆ ಅವನ್ನು ಕೊಡುವುದು ತಪ್ಪು, ಆಧುನಿಕ ಕಾದಂಬರಿ ಅದನ್ನು ಸರಿಪಡಿಸುತ್ತದೆ ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಉದ್ದ. ಅವರು ದೂರುವ ಹಳೆಯ ಕಥೆ ಯಾವುದು? ಗ್ರಿಮ್ ಸೋದರರ ಸಂಗ್ರಹ 1812ರಿಂದ 1857ರವರೆಗೆ ಏಳು ಆವೃತ್ತಿಗಳಲ್ಲಿ ತಿದ್ದಿಸಿಕೊಂಡಿತು. ‘ಸ್ನೋ ವೈಟ್’ ಮತ್ತು ‘ಹಾನ್ಸೆಲ್ ಗ್ರೆಟೆಲ್’ನಲ್ಲಿ ಮೊದಲಿದ್ದ ಹೆತ್ತ ತಾಯಿ ಮುಂದಿನ ಆವೃತ್ತಿಗಳಲ್ಲಿ ಮಲತಾಯಿಯಾದಳು. ತಾಯಿ ಎಂದರೆ ಹೀಗಿರಲಾಗದು ಎಂಬ ಗೃಹಸ್ಥರ ನೀತಿಯೇ ಅಲ್ಲಿ ಕೈಯಾಡಿಸಿತು. ಅಂದರೆ ನಾವು ದೂರುವ ಪಾತ್ರಗಳಲ್ಲಿ ಹಲವು ಮುದ್ರಣದ, ತಿದ್ದುಪಡಿಯ ಫಲ. ಬಾಯಿಂದ ಬಾಯಿಗೆ ಬಂದ ಹೆಂಗಸರ ಕಥೆ ಬೇರೆಯೇ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ ಹಂಚಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಅದರ ಬಗೆಗಿನ ಅವರ ಪ್ರಬಂಧ ಅಲನ್ ಡಂಡಸ್ 1982ರಲ್ಲಿ ಸಂಪಾದಿಸಿದ ಸಿಂಡ್ರೆಲಾ ಸಂಕಲನದಲ್ಲಿದೆ. ಚಿನ್ನದ ಕೂದಲಿನ ಹುಡುಗಿಯ ಮುಖವನ್ನು ತಾಯಿ ಮಣ್ಣಿನ ಮುಖವಾಡದಿಂದ ಮುಚ್ಚಿ, ಮನೆಯೊಳಗಿನ ಅಪಾಯದಿಂದ ತಪ್ಪಿಸಿ ಕಳಿಸುತ್ತಾಳೆ. ಮುಖಕ್ಕೆ ಹಂಚು ಹೊತ್ತವಳು ಹಂಚಿಯಾಗುತ್ತಾಳೆ. ಸಾಹುಕಾರನ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ, ಗುಟ್ಟು ಬಯಲಾಗುತ್ತದೆ, ಮದುವೆಯಾಗುತ್ತದೆ. ಪೆರೋ ಆಗಿದ್ದರೆ ಇಲ್ಲಿಗೆ ಮುಗಿಸುತ್ತಿದ್ದ. ಹಂಚಿಯ ಅರ್ಧ ಕಥೆ ಇನ್ನೂ ಬಾಕಿಯಿರುತ್ತದೆ. ಮನೆಗೆ ಬರುವ ಸ್ವಾಮಿಯೊಬ್ಬ ಅವಳ ಮೇಲೆ ಕಣ್ಣು ಹಾಕುತ್ತಾನೆ, ಅವನ ಮಾಟವನ್ನು ಅವಳು ಜಾಣ್ಮೆಯಿಂದ ತಪ್ಪಿಸುತ್ತಾಳೆ, ಸೋತ ಅವನು ಸುಳ್ಳು ಅಪವಾದ ಹೊರಿಸುತ್ತಾನೆ. ಹೆಂಗಸರು ಹೇಳುವ ಕಥೆಗಳಲ್ಲಿ ಮದುವೆ ಕೊನೆಯಾಗಿರದೆ ಕಷ್ಟಗಳ ಆರಂಭವಾಗಿರುತ್ತದೆ ಎಂಬುದು ರಾಮಾನುಜನ್ ಕಂಡುಕೊಂಡ ಸತ್ಯ. ನೀರು ಹೊಯ್ಯಿಸಿಕೊಂಡು ಹೂವಿನ ಗಿಡವಾಗುವ ಹುಡುಗಿಯ ಕಥೆಯಲ್ಲೂ ಅದೇ. ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರಕ್ಕೂ, ಜಾನ್ ಆ್ಯಡಮ್ಸ್ 2006ರಲ್ಲಿ ರಚಿಸಿದ ಆಪೆರಾಕ್ಕೂ ಆಧಾರವಾದ ಆ ಕಥೆಯಲ್ಲಿ ಮದುವೆಯ ಬಳಿಕವೇ ಅವಳು ಅರ್ಧ ಮರವಾಗಿ, ಅರ್ಧ ಮೈಯಾಗಿ ಬಿದ್ದಿರಬೇಕಾಗುತ್ತದೆ. ಗಂಡಸಿನ ಅಧಿಕಾರವನ್ನು ಪ್ರಶ್ನಿಸಲು ಈ ಹೆಂಗಸರು 1997ರ ಕಾದಂಬರಿಗಾಗಿ ಕಾಯುತ್ತ ಕೂರಲಿಲ್ಲ. ಹಂಚಿಯ ಮೊದಲ ಭಾಗ ಏಳು ವರ್ಷದವರಿಗೆ ಇದ್ದಂತೆಯೇ ಹೇಳುವಂಥದ್ದಲ್ಲ ಎಂಬುದು ನಿಜ. ಅಜ್ಜಿಯರೂ ಕೇಳುವವರ ವಯಸ್ಸು ನೋಡಿಯೇ ಹೇಳುತ್ತಿದ್ದರು.

ಇನ್ನು ಓದು ಕಲಿಕೆಯ ತಾಂತ್ರಿಕ ದೃಷ್ಟಿಯಿಂದಲೇ ನೋಡಿದರೂ ಕಥೆಗೆ ಇರುವ ಅನುಕೂಲ ಕಾದಂಬರಿಗಿಲ್ಲ. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ದಂಥ ಸರಪಳಿ ಕಥೆಯಲ್ಲಿ ಪ್ರಶ್ನೆಯ ರೂಪ ಒಂದು ಬಾರಿ ಕಿವಿಗೆ ಬಿದ್ದರೆ ಸಾಕು, ಮುಂದಿನ ಸಾಲನ್ನು ಮಗು ತಾನೇ ಊಹಿಸಿ ಓದುತ್ತದೆ. ಬದಲಾಗುವುದು ಒಂದೆರಡು ಪದ, ಹಾಗಾಗಿ ಹೊಸ ಪದದ ಮೇಲೆ ಗಮನ ನಿಲ್ಲುತ್ತದೆ. ಅಕ್ಷರ ಕೂಡಿಸಲು ಕಷ್ಟಪಡುವವರಿಗೆ ಇದು ಊರುಗೋಲು. ಅಲ್ಲದೆ ಅಜ್ಜಿಕಥೆ ಮಿತಭಾಷಿ. ಹುಡುಗಿ ಕಾಡಿಗೆ ಹೋದಳು ಎನ್ನುತ್ತದೆ, ಅವಳಿಗೆ ಏನನಿಸಿತು ಎಂದು ಹೇಳುವುದಿಲ್ಲ. ಸ್ವಿಸ್ ವಿದ್ವಾಂಸ ಮ್ಯಾಕ್ಸ್ ಲ್ಯೂಥಿ 1947ರಲ್ಲೇ ಈ ಗುಣವನ್ನು ಯುರೋಪಿನ ಜನಪದ ಕಥೆಯ ಲಕ್ಷಣವೆಂದು ಗುರುತಿಸಿದ್ದರು. ಹೇಳದೆ ಬಿಟ್ಟದ್ದನ್ನು ತುಂಬಿಕೊಳ್ಳುವುದು ಕೇಳುವವರ ಕೆಲಸ. ಪಠ್ಯದಲ್ಲಿ ಇಲ್ಲದ್ದನ್ನು ಇರುವುದರಿಂದ ಊಹಿಸಿ ಎಂದು ಇಂದಿನ ಪರೀಕ್ಷೆಗಳು ಮಕ್ಕಳನ್ನು ಕೇಳುವುದೂ ಇದನ್ನೇ. ಎದುರುಕಥೆಯ ಕಾದಂಬರಿ ಹುಡುಗಿಯ ಅಂತರಂಗವನ್ನು ಪುಟಗಟ್ಟಲೆ ಬಿಡಿಸಿಡುತ್ತದೆ, ಕಾದಂಬರಿಯ ಧರ್ಮವೇ ಅದು. ಮಗು ತುಂಬಬೇಕಾದ ಜಾಗಗಳನ್ನೆಲ್ಲ ಲೇಖಕಿ ತುಂಬಿರುವಾಗ ಅದು ಊಹಿಸಲು ಕಲಿಯುವುದೆಲ್ಲಿ? ದೀರ್ಘ ಓದಿನ ಅಭ್ಯಾಸಕ್ಕೆ ಕಾದಂಬರಿ ಬೇಕೆಂಬುದು ಸರಿ, ಆದರೆ ಅದಕ್ಕೆ ಯಾವ ಒಳ್ಳೆಯ ಕಾದಂಬರಿಯೂ ಆದೀತು.

ವಾಷಿಂಗ್ಟನ್ ರಾಜ್ಯ 2011ರಲ್ಲಿ ಅಂಗೀಕರಿಸಿದ ಕಾಮನ್ ಕೋರ್ ಮಾನದಂಡಗಳನ್ನು ಓದಿದರೆ ಕ್ರಮದ ಬಗ್ಗೆ ಅವು ನನ್ನ ಕಡೆಗೇ ಇವೆ. ಎರಡನೇ ತರಗತಿಯ ಮಗು ಒಂದೇ ಕಥೆಯ ಎರಡು ಅಥವಾ ಹೆಚ್ಚು ರೂಪಗಳನ್ನು ಹೋಲಿಸಬೇಕು ಎನ್ನುತ್ತವೆ, ಬೇರೆ ಬೇರೆ ಸಂಸ್ಕೃತಿಗಳಿಂದ ಬಂದವನ್ನೂ ಸೇರಿಸಿ. ಹಳೆಯ ಕಥೆಗಳನ್ನು ಆಧುನಿಕ ಕೃತಿ ಹೇಗೆ ಹೊಸದಾಗಿಸಿದೆ ಎಂದು ವಿಶ್ಲೇಷಿಸುವ ಕೆಲಸ ಬರುವುದು ಎಂಟನೇ ತರಗತಿಗೆ. ಮೊದಲು ಕಥೆಗಳು, ಬಹಳ ವರ್ಷಗಳ ನಂತರ ಎದುರುಕಥೆ. ಆದರೆ ಎರಡನೇ ತರಗತಿಯ ಆ ಮಾನದಂಡ ಉದಾಹರಣೆಯಾಗಿ ಕೊಟ್ಟ ಹೆಸರು ಸಿಂಡ್ರೆಲಾ, ಮತ್ತು ಉದಾಹರಣೆ ನಿಧಾನವಾಗಿ ನಿಯಮವಾಗುತ್ತದೆ. ಚೀನಾದ ಯೆ-ಶೆನ್, ಜಿಂಬಾಬ್ವೆಯ ಮುಫಾರೋನ ಹೆಣ್ಣುಮಕ್ಕಳು, ಭಾರತದ ಗೆಜ್ಜೆಯ ರಾಜಕುಮಾರಿ ಎಲ್ಲರೂ ಸಿಂಡ್ರೆಲಾಳ ತಂಗಿಯರಾಗಿ ಸಾಲುಗಟ್ಟುತ್ತಾರೆ. ಯೆ-ಶೆನ್ ಕಥೆಯನ್ನು ದುವಾನ್ ಚೆಂಗ್‌ಷಿ 9ನೇ ಶತಮಾನದಲ್ಲಿ ಬರೆದಿಟ್ಟ, ಪೆರೋಗಿಂತ ಎಂಟು ನೂರು ವರ್ಷ ಹಿಂದೆ. ತಂಗಿ ಯಾರು, ಅಕ್ಕ ಯಾರು? ರಾಮಾನುಜನ್ ಕೂಡ ಹಂಚಿಯನ್ನು ಕನ್ನಡದ ಸಿಂಡ್ರೆಲಾ ಎಂದೇ ಕರೆಯಬೇಕಾಯಿತು, ಅಮೆರಿಕದ ಓದುಗರಿಗೆ ಬೇರೆ ಬಾಗಿಲು ಇರಲಿಲ್ಲ. ತರಗತಿಯಲ್ಲಿ ಕೂತ ಕನ್ನಡದ ಮಗುವಿಗೆ ಆ ಬಾಗಿಲು ಬೇಕಿಲ್ಲ.

ಶಿಕ್ಷಕರ ತೊಂದರೆ ನಿಜವಾದದ್ದು. ಒಂದೇ ಕೋಣೆಯಲ್ಲಿ ಹತ್ತು ಭಾಷೆಯ ಮನೆಗಳ ಮಕ್ಕಳಿದ್ದರೆ ಹತ್ತು ಪರಂಪರೆಗಳ ಕಥೆ ಅವರು ಎಲ್ಲಿಂದ ತಂದಾರು? ಆದರೆ ಈ ರಾಜ್ಯದಲ್ಲೇ ಇದಕ್ಕೆ ದಾರಿ ತೆರೆದಿದೆ. ಸ್ಥಳೀಯ ಬುಡಕಟ್ಟುಗಳ ಇತಿಹಾಸವನ್ನು ಶಾಲೆಗಳು ಕಲಿಸಬೇಕೆಂದು 2015ರಲ್ಲಿ ಕಾನೂನಾಯಿತು, ಬುಡಕಟ್ಟುಗಳೊಂದಿಗೆ ಕೂತು ರೂಪಿಸಿದ ಪಠ್ಯಕ್ರಮವೂ ಇದೆ. ಯಾರ ಕಥೆಯೋ ಅವರನ್ನೇ ಕೇಳಬೇಕೆಂಬ ತಿಳಿವಳಿಕೆ ಅಲ್ಲಿದೆ. ಕನ್ನಡದ ಮಟ್ಟಿಗೆ ಸಾಮಗ್ರಿಯ ಕೊರತೆಯೂ ಇಲ್ಲ. ರಾಮಾನುಜನ್ ಕನ್ನಡದಿಂದ ಇಂಗ್ಲಿಷಿಗೆ ತಂದ 77 ಕಥೆಗಳ ಸಂಕಲನ 1997ರಿಂದ ಅಮೆರಿಕದಲ್ಲೇ ಮುದ್ರಣದಲ್ಲಿ ಬಂದಿದೆ. ಶಿಕ್ಷಕರು ಕನ್ನಡ ಕಲಿಯಬೇಕಾಗಿಯೂ ಇಲ್ಲ. ಆದರೆ ಇಲ್ಲಿ ನಮ್ಮವರ ಪಾಲಿನ ಲೋಪವನ್ನು ಮುಚ್ಚಿಡಲಾರೆ. ಮನೆಯಲ್ಲಿ ಕಥೆ ಹೇಳುವ ಹೊತ್ತನ್ನು ನಾವೇ ಟ್ಯಾಬ್ಲೆಟ್ಟಿಗೆ ಒಪ್ಪಿಸಿದ್ದೇವೆ. ವಾರಾಂತ್ಯದ ಕನ್ನಡ ತರಗತಿಯಲ್ಲಿ ಕಾಗುಣಿತ ಮುಗಿಯುವವರೆಗೆ ಕಥೆಗೆ ಪ್ರವೇಶವಿಲ್ಲ ಎಂಬಂತೆ ನಡೆದುಕೊಳ್ಳುತ್ತೇವೆ, ಮುಗಿದ ಮೇಲೆ ನೀತಿ ಅಂಟಿಸಿದ ನಾಲ್ಕು ಸಾಲಿನ ಕಥೆ ಕೊಡುತ್ತೇವೆ. ಮಗು ಇಂಗ್ಲಿಷ್ ಪುಸ್ತಕದಲ್ಲಿ ಹಿಂದುಳಿದರೆ ಕನ್ನಡವನ್ನು ನಿಲ್ಲಿಸಿ ಎಂಬ ಸಲಹೆಯನ್ನು ತಲೆಬಾಗಿ ಕೇಳಿಕೊಳ್ಳುತ್ತೇವೆ. ಕನ್ನಡದಲ್ಲಿ ಕೇಳಿದ ಕಥೆ ಇಂಗ್ಲಿಷಿನ ಓದಿಗೆ ಅಡ್ಡಿಯಾಗುವುದಿಲ್ಲ, ಆಸರೆಯಾಗುತ್ತದೆ. ಮನೆ ಕೊಚ್ಚಿಹೋಗುವುದೆಂದರೇನು, ಮೂರನೇ ಸಲ ಬಾಗಿಲು ಬಡಿದಾಗ ಏನಾಗಬೇಕು ಎಂಬ ತಿಳಿವು ಭಾಷೆಯಿಂದ ಭಾಷೆಗೆ ದಾಟುತ್ತದೆ.

ಕನ್ನಡದಲ್ಲಿ ಕಥೆ ಹೇಳುವವರು ಕೇಳುವವರಿಂದ ಒಂದನ್ನು ಬೇಡುತ್ತಾರೆ, ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ, ಯಾಕೆಂದರೆ ಕೇಳುವವರು ನಿದ್ದೆ ಹೋಗಿರಬಹುದು, ಅಥವಾ ಎಳೆ ತಪ್ಪಿರಬಹುದು. ಓದಿನ ಅರ್ಥಗ್ರಹಿಕೆಯನ್ನು ಅಳೆಯಲು ಇದಕ್ಕಿಂತ ಸೂಕ್ಷ್ಮ ಸಾಧನ ನನಗೆ ಗೊತ್ತಿಲ್ಲ. ಟೋಟೆಮ್ ಲೇಕ್‌ನ ಎರಡನೇ ತರಗತಿಯಲ್ಲಿ ಷೆಸ್ಕಾನ ತೋಳನನ್ನು ತೆರೆಯುವ ಮೊದಲು ಒಂದು ವಾರ ಮಕ್ಕಳ ಮನೆಗಳಿಂದ ಯಾರಾದರೂ ಬಂದು ಕೂರಲಿ. ಮಳೆಯಲ್ಲೋ, ಗಾಳಿಯಲ್ಲೋ, ನೆರೆಯಲ್ಲೋ ಮನೆ ಹೋದ ಕಥೆ ನಿಮ್ಮಲ್ಲಿ ಯಾವುದು ಎಂದು ಶಿಕ್ಷಕರು ಕೇಳಲಿ. ಕನ್ನಡದ ಅಜ್ಜಿಯೊಬ್ಬರು ವೀಸಾ ಮುಗಿಯುವ ಮೊದಲು ಆ ಕೋಣೆಯಲ್ಲಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಲಿ, ಮೊಮ್ಮಗು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳುತ್ತ ಹೋಗಲಿ, ಇಡೀ ತರಗತಿ ಹೂಂಗುಟ್ಟಲಿ. ತೋಳ ತನ್ನ ವಾದ ಹಿಡಿದು ಮುಂದಿನ ಸೋಮವಾರ ಬರಲಿ.